ಒಂದು ಮೀಟರಿನ ತೊಡಕು: ದೂಳು ಗ್ರಹವಾಗುವ ಬಗೆ

ಚಳಿಗಾಲದ ರಾತ್ರಿ ನೆತ್ತಿಯ ಬಳಿ ಕೆಂಪಗೆ ಹೊಳೆಯುವ ರೋಹಿಣಿ ನಕ್ಷತ್ರದಿಂದ ಸುಮಾರು ಎರಡು ಡಿಗ್ರಿ ಸರಿದರೆ, ಬರಿಗಣ್ಣಿಗೆ ಕಾಣದ ‘ಎಚ್‌ಎಲ್ ಟೌ’ ಎಂಬ ಎಳೆಯ ನಕ್ಷತ್ರವೊಂದು ಸಿಗುತ್ತದೆ. ರೋಹಿಣಿ ನಮ್ಮಿಂದ 65 ಜ್ಯೋತಿರ್ವರ್ಷ ದೂರದಲ್ಲಿದ್ದರೆ, ಅದರ ಹಿಂದೆ ಎಷ್ಟೋ ಆಳದಲ್ಲಿರುವ ಈ ನಕ್ಷತ್ರದ ದೂರ ಸುಮಾರು 450 ಜ್ಯೋತಿರ್ವರ್ಷ. ವಯಸ್ಸು 10 ಲಕ್ಷ ವರ್ಷಗಳನ್ನು ಮೀರಿರಲಾರದು. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಸಮುದ್ರಮಟ್ಟದಿಂದ 5,000 ಮೀಟರ್ ಎತ್ತರದಲ್ಲಿ ನೆಲೆಗೊಳಿಸಿರುವ 66 ಆಂಟೆನಾಗಳ ‘ಆಲ್ಮಾ’ ದೂರದರ್ಶಕ ಈ ನಕ್ಷತ್ರದ ಸುತ್ತಲಿನ ತಟ್ಟೆಯನ್ನು ಚಿತ್ರಿಸಿತು. ಆ ಚಿತ್ರ 2014ರ ನವೆಂಬರಿನಲ್ಲಿ ಪ್ರಕಟವಾದಾಗ ಖಗೋಳವಿಜ್ಞಾನಿಗಳಲ್ಲೇ ಹಲವರು ಅದನ್ನು ಮೊದಲ ನೋಟಕ್ಕೆ ಕಂಪ್ಯೂಟರಿನಲ್ಲಿ ರಚಿಸಿದ ಕಲ್ಪನಾಚಿತ್ರವೆಂದು ಭಾವಿಸಿದ್ದರೆ ಅಚ್ಚರಿಯಿಲ್ಲ. ನಡುವೆ ಉಜ್ವಲವಾದ ತಿರುಳು, ಅದರ ಸುತ್ತ ಒಂದರ ಹೊರಗೊಂದರಂತೆ ಬೆಳಕಿನ ಉಂಗುರಗಳು, ಅವುಗಳ ನಡುನಡುವೆ ಕಪ್ಪು ಅಂತರಗಳು.

ಅಷ್ಟು ಎಳೆಯ ನಕ್ಷತ್ರದ ಸುತ್ತ ಅಷ್ಟು ಅಚ್ಚುಕಟ್ಟಾದ ಉಂಗುರಗಳು ಇರಬಹುದೆಂದು ಯಾರೂ ನಿರೀಕ್ಷಿಸಿರಲಿಲ್ಲ. ಅಂತರಗಳನ್ನು ಕೊರೆದಿರುವುದು ಗ್ರಹಗಳೇ ಆಗಿದ್ದರೆ, ಅವು ಹತ್ತು ಲಕ್ಷ ವರ್ಷಕ್ಕಿಂತ ಮೊದಲೇ ಬೆಳೆದು ನಿಂತಿರಬೇಕು. ಆದರೆ ದೂಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಹಂತಹಂತವಾಗಿ ಗ್ರಹವಾಗುತ್ತವೆ ಎಂಬ ಹಳೆಯ ವಿವರಣೆ ಆ ವೇಗಕ್ಕೆ ಒಗ್ಗುವುದಿಲ್ಲ. ನಿಜವಾಗಿ ನೋಡಿದರೆ ಆ ವಿವರಣೆಗೆ ಅದಕ್ಕಿಂತಲೂ ದೊಡ್ಡ ತೊಂದರೆಯೊಂದಿದೆ: ಕಣ ಒಂದು ಮೀಟರಿನಷ್ಟು ದಪ್ಪವಾಗುವುದೇ ದುಸ್ಸಾಧ್ಯ.

ಮೊದಲು ತಟ್ಟೆಯ ಪರಿಚಯ. ಅಂತರತಾರಾ ಮೋಡವೊಂದು ತನ್ನದೇ ಗುರುತ್ವಕ್ಕೆ ಸಿಲುಕಿ ಕುಸಿಯುವಾಗ, ಅದರಲ್ಲಿರುವ ಅಲ್ಪಸ್ವಲ್ಪ ಸುತ್ತುವಿಕೆಯೇ ಕುಸಿದಷ್ಟೂ ವೇಗ ಪಡೆಯುವುದರಿಂದ ವಸ್ತುವೆಲ್ಲ ನೇರವಾಗಿ ನಡುವಿಗೆ ಬೀಳಲಾಗದೆ ನಕ್ಷತ್ರದ ಸುತ್ತ ಚಪ್ಪಟೆ ತಟ್ಟೆಯಾಗಿ ಹರಡಿಕೊಳ್ಳುತ್ತದೆ. ಈ ತಟ್ಟೆಯ ದ್ರವ್ಯರಾಶಿಯಲ್ಲಿ ಹೆಚ್ಚುಕಡಿಮೆ 99 ಪಾಲು ಹೈಡ್ರೋಜನ್ ಮತ್ತು ಹೀಲಿಯಂ ಅನಿಲ. ಉಳಿದ ಒಂದು ಪಾಲು ದೂಳು. ದೂಳೆಂದರೆ ಸಿಲಿಕೇಟ್ ಮತ್ತು ಇಂಗಾಲದ, ಒಂದು ಮೈಕ್ರಾನಿಗಿಂತಲೂ (ಮಿಲಿಮೀಟರಿನ ಸಾವಿರದ ಒಂದು ಭಾಗ) ಚಿಕ್ಕದಾದ ಕಣಗಳು; ನಕ್ಷತ್ರದಿಂದ ದೂರದ ತಂಪು ಭಾಗದಲ್ಲಿ ಅವುಗಳ ಮೇಲೆ ನೀರು, ಇಂಗಾಲದ ಮಾನಾಕ್ಸೈಡ್ ಮೊದಲಾದವು ಮಂಜುಗಡ್ಡೆಯ ಹೊದಿಕೆಯಾಗಿ ಕೂತಿರುತ್ತವೆ. ಇಂಥ ಒಂದು ಕಣ ಭೂಮಿಯಷ್ಟು ದೊಡ್ಡದಾಗಬೇಕಾದರೆ ಅದರ ದ್ರವ್ಯರಾಶಿ 1ರ ಮುಂದೆ ನಲವತ್ತಕ್ಕೂ ಹೆಚ್ಚು ಸೊನ್ನೆಗಳನ್ನು ಬರೆದಾಗ ಬರುವಷ್ಟು ಪಟ್ಟು ಹೆಚ್ಚಬೇಕು. ಇದಕ್ಕೆ ಸಿಗುವ ಕಾಲಾವಕಾಶವೂ ಮಿತವಾದುದು: ಎಳೆಯ ನಕ್ಷತ್ರಗುಚ್ಛಗಳನ್ನು ಗಮನಿಸಿದರೆ, ಸುಮಾರು 30 ಲಕ್ಷ ವರ್ಷ ಕಳೆಯುವ ಹೊತ್ತಿಗೆ ಅರ್ಧದಷ್ಟು ನಕ್ಷತ್ರಗಳು ತಟ್ಟೆಯನ್ನು ಕಳೆದುಕೊಂಡಿರುತ್ತವೆ, ಒಂದು ಕೋಟಿ ವರ್ಷ ದಾಟಿದ ಮೇಲೆ ತಟ್ಟೆ ಉಳಿದಿರುವ ನಕ್ಷತ್ರ ಅಪರೂಪ.

ನೂರಾರು ಜ್ಯೋತಿರ್ವರ್ಷ ದೂರದಲ್ಲಿರುವ ದೂಳಿನ ಕಣ ಎಷ್ಟು ದೊಡ್ಡದೆಂದು ಅಳೆಯುವುದಾದರೂ ಹೇಗೆ? ಬಿಡಿ ಕಣ ಯಾವ ದೂರದರ್ಶಕಕ್ಕೂ ಕಾಣದು. ಆದರೆ ಬೆಚ್ಚಗಿನ ದೂಳು ತನ್ನ ಶಾಖವನ್ನು ಮಿಲಿಮೀಟರ್ ಉದ್ದದ ರೇಡಿಯೊ ಅಲೆಗಳಲ್ಲಿ ಹೊರಸೂಸುತ್ತದೆ, ಮತ್ತು ಒಂದು ಕಣ ತನ್ನ ಗಾತ್ರಕ್ಕಿಂತ ಬಹಳ ಉದ್ದವಾದ ಅಲೆಗಳನ್ನು ಸಮರ್ಥವಾಗಿ ಸೂಸಲಾರದು. ಹಾಗಾಗಿ ಸಣ್ಣ ಕಣಗಳಿರುವ ಮೋಡವನ್ನು ಒಂದು ಮಿಲಿಮೀಟರಿನ ಅಲೆಯಲ್ಲಿ ನೋಡಿ, ನಂತರ ಮೂರು, ಏಳು ಮಿಲಿಮೀಟರುಗಳ ಅಲೆಯಲ್ಲಿ ನೋಡಿದರೆ ಅದರ ಹೊಳಪು ತಟಕ್ಕನೆ ಕುಸಿಯುತ್ತದೆ. ಕಣಗಳು ಮಿಲಿಮೀಟರಿನಷ್ಟು ಬೆಳೆದಿದ್ದರೆ ಆ ಕುಸಿತ ನಿಧಾನವಾಗಿರುತ್ತದೆ. ವೃಷಭ ರಾಶಿಯ ಎಳೆಯ ನಕ್ಷತ್ರಗಳನ್ನು ಹೀಗೆ ಅಳೆದ ಸ್ಟೀವನ್ ಬೆಕ್‌ವಿತ್ ಮತ್ತು ಅನೀಲಾ ಸಾರ್ಜೆಂಟ್ 1991ರಲ್ಲೇ ಹೊಳಪಿನ ಈ ಇಳಿಜಾರು ಅಂತರತಾರಾ ಮೋಡಗಳಲ್ಲಿ ಇರುವಷ್ಟು ಕಡಿದಾಗಿಲ್ಲವೆಂದು ತೋರಿಸಿದರು. ತಟ್ಟೆಗಳಲ್ಲಿ ಕಣಗಳು ಸಾವಿರಾರು ಪಟ್ಟು ಬೆಳೆದಿವೆ ಎಂಬ ತೀರ್ಮಾನಕ್ಕೆ ಅದೇ ತಳಹದಿಯಾಯಿತು.

ಆ ತೀರ್ಮಾನದ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ತಟ್ಟೆ ಒಳಗಿನದೇನೂ ಕಾಣದಷ್ಟು ದಟ್ಟವಾಗಿದ್ದರೆ, ಕಣ ಚಿಕ್ಕದಾಗಿದ್ದರೂ ಇಳಿಜಾರು ನಿಧಾನವಾಗಿಯೇ ಕಾಣುತ್ತದೆ. ಹೀಗಾಗಿ ಇನ್ನೊಂದು ಸ್ವತಂತ್ರ ಅಳತೆ ಬೇಕಾಯಿತು. ಜಪಾನಿನ ಅಕಿಮಾಸಾ ಕಟಾವೊಕಾ ಮತ್ತು ಸಂಗಡಿಗರು 2015ರಲ್ಲಿ ಅದಕ್ಕೊಂದು ದಾರಿ ತೋರಿಸಿದರು: ದೂಳು ಸೂಸಿದ ಅಲೆಗಳನ್ನು ಅಕ್ಕಪಕ್ಕದ ದೂಳೇ ಚದುರಿಸುವಾಗ ಅವು ಧ್ರುವೀಕರಣಗೊಳ್ಳುತ್ತವೆ (ಅಂದರೆ ಅವುಗಳ ಕಂಪನ ಒಂದು ದಿಕ್ಕಿಗೆ ಒಲಿಯುತ್ತದೆ), ಮತ್ತು ಕಣದ ಗಾತ್ರ ಅಲೆಯುದ್ದದ ಸುಮಾರು ಆರನೇ ಒಂದು ಭಾಗದಷ್ಟಿದ್ದಾಗ ಈ ಪರಿಣಾಮ ಅತಿ ಹೆಚ್ಚು. ಎಚ್‌ಎಲ್ ಟೌ ತಟ್ಟೆಗೆ ಈ ವಿಧಾನವನ್ನು ಅನ್ವಯಿಸಿದಾಗ ಸಿಕ್ಕ ಉತ್ತರ ಮಿಲಿಮೀಟರ್ ಅಲ್ಲ, ಅದರ ಹತ್ತನೇ ಒಂದು ಭಾಗ, ಅಂದರೆ ನೂರು ಮೈಕ್ರಾನಿನ ಆಸುಪಾಸು. ಅದೇ ತಟ್ಟೆಯನ್ನು ಹಲವು ಅಲೆಯುದ್ದಗಳಲ್ಲಿ ಒಟ್ಟಿಗೆ ವಿಶ್ಲೇಷಿಸಿದವರಿಗೆ ಮಾತ್ರ ಕಣಗಳು ಮಿಲಿಮೀಟರಿನಷ್ಟೇ ಇವೆ ಎಂದು ತೋರಿತು. ಕಣಗಳು ಗಟ್ಟಿ ಗೋಲಿಗಳಾಗಿರದೆ ಒಳಗೆಲ್ಲ ಟೊಳ್ಳಾದ ಹಗುರ ಗುಚ್ಛಗಳಾಗಿದ್ದರೆ ಎರಡೂ ಅಳತೆಗಳು ಹೊಂದಿಕೊಳ್ಳಬಹುದು ಎಂಬ ಸಲಹೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಆದರೂ ಈ ಹತ್ತುಪಟ್ಟಿನ ವ್ಯತ್ಯಾಸ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಮೈಕ್ರಾನ್ ಕಣ ಮಿಲಿಮೀಟರ್ ತನಕ ಬೆಳೆಯುವುದು ಸುಲಭದ ಕೆಲಸ. ಅನಿಲದಲ್ಲಿ ತೇಲುವ ಕಣಗಳು ಪರಸ್ಪರ ತೀರಾ ನಿಧಾನವಾಗಿ, ಸೆಕೆಂಡಿಗೆ ಮಿಲಿಮೀಟರುಗಳ ಲೆಕ್ಕದಲ್ಲಿ ಢಿಕ್ಕಿಯಾಗುತ್ತವೆ, ಅಣುಗಳ ನಡುವಿನ ದುರ್ಬಲ ಆಕರ್ಷಣೆಯೇ ಅವುಗಳನ್ನು ಅಂಟಿಸಲು ಸಾಕಾಗುತ್ತದೆ. ಇಲ್ಲಿ ಗುರುತ್ವದ ಪಾತ್ರ ಏನೇನೂ ಇಲ್ಲ. ಭೂಮಿಯ ಮೇಲೆ ಇದನ್ನು ಪರೀಕ್ಷಿಸಹೊರಟರೆ ಕಣಗಳು ತಳಕ್ಕೆ ಬಿದ್ದುಬಿಡುವುದರಿಂದ ಪ್ರಯೋಗಗಳನ್ನು ತೂಕವಿಲ್ಲದ ಸ್ಥಿತಿಯಲ್ಲಿ ನಡೆಸಬೇಕಾಗುತ್ತದೆ. ಜರ್ಮನಿಯ ಯೂರ್ಗೆನ್ ಬ್ಲೂಮ್ ತಂಡದ ಇಂಥ ಒಂದು ಪ್ರಯೋಗ 1998ರಲ್ಲಿ ಡಿಸ್ಕವರಿ ಬಾಹ್ಯಾಕಾಶ ನೌಕೆಯಲ್ಲಿ ಹಾರಿತು (ಭೂಮಿಯನ್ನು ಸುತ್ತಿದ ಮೊದಲ ಅಮೆರಿಕನ್ ಜಾನ್ ಗ್ಲೆನ್ 77ರ ವಯಸ್ಸಿನಲ್ಲಿ ಮತ್ತೆ ಬಾಹ್ಯಾಕಾಶಕ್ಕೆ ಹೋದದ್ದು ಅದೇ ಯಾನದಲ್ಲಿ, ಸುದ್ದಿಯೆಲ್ಲ ಅವರದೇ ಆಗಿತ್ತೆಂಬುದು ಸಹಜ). ಅಲ್ಲಿ ಕಣಗಳು ದುಂಡಗಿನ ಉಂಡೆಗಳಾಗದೆ ಕವಲುಕವಲಾದ ಸರಗಳಾಗಿ ಕೂಡಿಕೊಂಡವು. ಬ್ರೆಮೆನ್ ನಗರದ 146 ಮೀಟರ್ ಎತ್ತರದ ಗೋಪುರದಲ್ಲಿ ಉಪಕರಣವನ್ನೇ ಬೀಳಿಸಿ, ಐದು ಸೆಕೆಂಡಿಗೂ ಕಡಿಮೆ ಅವಧಿಯ ತೂಕರಹಿತ ಸ್ಥಿತಿಯಲ್ಲಿ ದೂಳಿನ ಢಿಕ್ಕಿಗಳನ್ನು ಚಿತ್ರೀಕರಿಸುವ ಪರಿಪಾಠವೂ ಇದೆ.

ಈ ಪ್ರಯೋಗಗಳಿಂದ ಹೊರಬಿದ್ದ ಕಹಿ ಸತ್ಯವೆಂದರೆ ಅಂಟುವಿಕೆ ಬೇಗನೆ ನಿಂತುಹೋಗುತ್ತದೆ. ಮಿಲಿಮೀಟರಿನಷ್ಟಾಗಿ ಸ್ವಲ್ಪ ಗಟ್ಟಿಗೊಂಡ ಗುಚ್ಛಗಳು ಢಿಕ್ಕಿಯಾದಾಗ ಅಂಟದೆ ಪುಟಿಯುತ್ತವೆ. ಇನ್ನೂ ದೊಡ್ಡವಾದರೆ ಅನಿಲದ ಕ್ಷೋಭೆಯಿಂದಾಗಿ ಅವುಗಳ ಪರಸ್ಪರ ವೇಗ ಹೆಚ್ಚುತ್ತದೆ, ಸಿಲಿಕೇಟ್ ದೂಳಿನ ಗುಚ್ಛಗಳು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲೇ, ಅಂದರೆ ನಾವು ನಡೆಯುವುದಕ್ಕಿಂತ ನಿಧಾನವಾದ ಢಿಕ್ಕಿಯಲ್ಲೇ, ಒಡೆದು ಚೂರಾಗಲು ತೊಡಗುತ್ತವೆ. ಮಂಜುಗಡ್ಡೆಯ ಹೊದಿಕೆಯಿರುವ ಕಣಗಳು ಇದರ ಹತ್ತು ಪಟ್ಟು ವೇಗವನ್ನು ತಾಳಿಕೊಳ್ಳಬಲ್ಲವು ಎಂದು ಬಹುಕಾಲ ನಂಬಲಾಗಿತ್ತು. ತೀರಾ ತಣ್ಣಗಿನ ಮಂಜುಗಡ್ಡೆ ಅಷ್ಟೇನೂ ಅಂಟಾಗಿಲ್ಲವೆಂದು ಇತ್ತೀಚಿನ ಪ್ರಯೋಗಗಳು ಹೇಳಿದ ಮೇಲೆ ಆ ಭರವಸೆಯೂ ಕುಂದಿದೆ.

ಒಡೆಯದೆ ಉಳಿದವಕ್ಕೆ ಇನ್ನೊಂದು ಅಪಾಯ ಕಾದಿದೆ, ಮತ್ತು ಇಡೀ ಸಮಸ್ಯೆಯ ತಿರುಳು ಇಲ್ಲಿದೆ. ತಟ್ಟೆಯ ಅನಿಲ ಒಳಗಡೆ ದಟ್ಟ ಮತ್ತು ಬಿಸಿ, ಹೊರಗಡೆ ವಿರಳ ಮತ್ತು ತಂಪು. ಆದ್ದರಿಂದ ಅನಿಲದ ಒತ್ತಡ ಹೊರಮುಖವಾಗಿ ಸ್ವಲ್ಪ ಆಸರೆ ಕೊಡುತ್ತದೆ. ಆ ಆಸರೆಯ ಬಲದಿಂದ ಅನಿಲ ನಕ್ಷತ್ರವನ್ನು ತುಸು ನಿಧಾನವಾಗಿ ಸುತ್ತಿದರೂ ಒಳಗೆ ಬೀಳುವುದಿಲ್ಲ. ಘನವಸ್ತುವಿಗೆ ಅಂಥ ಆಸರೆಯಿಲ್ಲ, ಅದು ಪೂರ್ಣ ಕಕ್ಷಾವೇಗದಲ್ಲೇ ಸುತ್ತಬೇಕು. ಭೂಮಿ ಇರುವಷ್ಟು ದೂರದಲ್ಲಿ ಕಕ್ಷಾವೇಗ ಸೆಕೆಂಡಿಗೆ 30 ಕಿಲೋಮೀಟರ್. ಅನಿಲ ಅದಕ್ಕಿಂತ ಹಿಂದೆ ಬೀಳುವುದು ಸೆಕೆಂಡಿಗೆ ಕೆಲವು ಹತ್ತು ಮೀಟರುಗಳಷ್ಟೇ. ಆದರೆ ಆ ಅಲ್ಪ ವ್ಯತ್ಯಾಸವೇ ಘನವಸ್ತುವಿಗೆ ನಿಲ್ಲದ ಎದುರುಗಾಳಿಯಾಗಿ ಅದರ ಸುತ್ತುವ ಚೈತನ್ಯವನ್ನು ಕಸಿಯುತ್ತ ಹೋಗುತ್ತದೆ. ಸಣ್ಣ ಕಣ ಅನಿಲದೊಡನೆಯೇ ತೇಲುವುದರಿಂದ ಅದಕ್ಕೆ ಈ ಗಾಳಿ ತಾಗದು. ಬೆಟ್ಟದಷ್ಟು ದೊಡ್ಡದು ಅದನ್ನು ಲೆಕ್ಕಿಸದು. ನಡುವಿನ ಗಾತ್ರದ್ದು ಮಾತ್ರ ಸುರುಳಿಯಾಗಿ ಒಳಸರಿದು ನಕ್ಷತ್ರಕ್ಕೆ ಬೀಳುತ್ತದೆ. 1977ರಲ್ಲಿ ಸ್ಟುವರ್ಟ್ ವೈಡೆನ್‌ಶಿಲ್ಲಿಂಗ್ ಮಾಡಿದ ಲೆಕ್ಕದ ಪ್ರಕಾರ, ಭೂಮಿಯ ಕಕ್ಷೆಯಷ್ಟು ದೂರದಲ್ಲಿರುವ ಒಂದು ಮೀಟರ್ ಗಾತ್ರದ ಬಂಡೆ ಸುಮಾರು ನೂರು ವರ್ಷಗಳಲ್ಲಿ ಇಲ್ಲವಾಗುತ್ತದೆ. ತಟ್ಟೆಯ ಹೊರಭಾಗದಲ್ಲಿ ಅನಿಲ ವಿರಳವಾಗಿರುವುದರಿಂದ ಅಲ್ಲಿ ಇದೇ ಗತಿ ಮಿಲಿಮೀಟರ್, ಸೆಂಟಿಮೀಟರ್ ಗಾತ್ರದ ಹರಳುಗಳಿಗೆ ಬರುತ್ತದೆ.

ಈ ಲೆಕ್ಕ ಸರಿಯಾಗಿದ್ದರೆ ಹತ್ತಾರು ಲಕ್ಷ ವರ್ಷ ವಯಸ್ಸಿನ ತಟ್ಟೆಗಳಲ್ಲಿ ಮಿಲಿಮೀಟರ್ ದೂಳು ಕಾಣಲೇಬಾರದಿತ್ತು. ಕಾಣುತ್ತಿದೆಯೆಂದ ಮೇಲೆ ಅದನ್ನು ಯಾವುದೋ ತಡೆದು ನಿಲ್ಲಿಸಿದೆ. ಧೂಮಕೇತುಗಳು ಮಂಜುಗಡ್ಡೆ ಮತ್ತು ದೂಳಿನ ಮುದ್ದೆಗಳೆಂದು 1950ರಲ್ಲಿ ವಿವರಿಸಿದ ಫ್ರೆಡ್ ವಿಪಲ್ ಇದರ ಉಪಾಯವನ್ನು 1972ರಲ್ಲೇ ಸೂಚಿಸಿದ್ದರು: ತಟ್ಟೆಯಲ್ಲಿ ಎಲ್ಲಾದರೂ ಒತ್ತಡದ ದಿಬ್ಬವೊಂದಿದ್ದರೆ, ಅದರ ಹೊರಬದಿಯಲ್ಲಿ ಎದುರುಗಾಳಿ ಕಣಗಳನ್ನು ಒಳಕ್ಕೆ ನೂಕುತ್ತದೆ, ಒಳಬದಿಯಲ್ಲಿ ಅನಿಲವೇ ಕಣಕ್ಕಿಂತ ವೇಗವಾಗಿ ಸುತ್ತುವುದರಿಂದ ಬೆನ್ನುಗಾಳಿ ಅವನ್ನು ಹೊರಕ್ಕೆ ನೂಕುತ್ತದೆ, ಹೀಗೆ ಎರಡೂ ಕಡೆಯಿಂದ ಬಂದ ದೂಳು ದಿಬ್ಬದ ನೆತ್ತಿಯಲ್ಲಿ ಶೇಖರವಾಗುತ್ತದೆ. ಇದಕ್ಕೆ ಸ್ಪಷ್ಟ ಸಾಕ್ಷಿ ಸಿಕ್ಕಿದ್ದು 2013ರಲ್ಲಿ. ಜ್ಯೇಷ್ಠಾ ನಕ್ಷತ್ರದ ಸಮೀಪದ ಮೋಡಗಳಲ್ಲಿರುವ ‘ಐಆರ್‌ಎಸ್ 48’ ಎಂಬ ನಕ್ಷತ್ರದ ತಟ್ಟೆಯಲ್ಲಿ ಅನಿಲ ಮತ್ತು ಮೈಕ್ರಾನ್ ದೂಳು ಪೂರ್ಣ ಉಂಗುರವಾಗಿ ಹರಡಿದ್ದರೂ ಮಿಲಿಮೀಟರ್ ಕಣಗಳು ಮಾತ್ರ ಒಂದೇ ಪಕ್ಕದಲ್ಲಿ ಗೋಡಂಬಿಯ ಆಕಾರದಲ್ಲಿ ಒತ್ತಿಕೊಂಡಿರುವುದನ್ನು ನೀಂಕೆ ಫಾನ್ ಡೆರ್ ಮರೆಲ್ ಮತ್ತು ಸಂಗಡಿಗರು ಆಲ್ಮಾದ ಮೂಲಕ ಕಂಡರು. ಎಚ್‌ಎಲ್ ಟೌ ತಟ್ಟೆಯ ಉಜ್ವಲ ಉಂಗುರಗಳೂ ಇಂಥ ದಿಬ್ಬಗಳೇ ಆಗಿರಬಹುದೆಂಬ ಅಭಿಪ್ರಾಯ ಈಗ ಬಲವಾಗಿದೆ.

ಹಾಗೆ ಶೇಖರವಾದ ಹರಳುಗಳು ಒಂದು ಮೀಟರಿನ ಹಂತವನ್ನು ತುಳಿಯುವುದೇ ಇಲ್ಲ, ಅದನ್ನು ಹಾರಿಬಿಡುತ್ತವೆ. 2005ರಲ್ಲಿ ಆಂಡ್ರ್ಯೂ ಯುಡಿನ್ ಮತ್ತು ಜೆರೆಮಿ ಗುಡ್‌ಮನ್ ಸಮೀಕರಣಗಳ ಮೂಲಕ ತೋರಿಸಿದ್ದೇನೆಂದರೆ, ಅನಿಲ ದೂಳನ್ನು ಎಳೆಯುವಂತೆ ದೂಳೂ ಅನಿಲವನ್ನು ಎಳೆಯುತ್ತದೆ, ಮತ್ತು ಒಂದೆಡೆ ದೂಳು ತುಸು ಹೆಚ್ಚಿದ್ದರೆ ಅದು ಅಲ್ಲಿನ ಅನಿಲವನ್ನೂ ತನ್ನೊಡನೆ ಎಳೆದುಕೊಂಡು ಹೋಗುವುದರಿಂದ ಅದಕ್ಕೆ ತಾಗುವ ಎದುರುಗಾಳಿ ತಗ್ಗುತ್ತದೆ. ಆಗ ಆ ದಟ್ಟಣೆ ಒಳಸರಿಯುವುದು ನಿಧಾನವಾಗಿ, ಹೊರಗಿನಿಂದ ವೇಗವಾಗಿ ಬರುತ್ತಿರುವ ಹರಳುಗಳು ಕಿರಿದಾದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ವಾಹನಗಳು ಸಾಲುಗಟ್ಟುವಂತೆ ಅದರ ಬೆನ್ನಿಗೆ ಬಂದು ಸೇರುತ್ತವೆ. ಸೇರಿದಷ್ಟೂ ಅದು ಇನ್ನೂ ನಿಧಾನವಾಗುತ್ತದೆ. ಆಂಡರ್ಸ್ ಯೊಹಾನ್ಸೆನ್ ಮತ್ತು ಸಂಗಡಿಗರು 2007ರಲ್ಲಿ ನಡೆಸಿದ ಕಂಪ್ಯೂಟರ್ ಗಣನೆಗಳಲ್ಲಿ ಇಂಥ ದಟ್ಟಣೆಗಳು ಕೊನೆಗೆ ತಮ್ಮದೇ ಗುರುತ್ವಕ್ಕೆ ಕುಸಿದು, ಕೆಲವೇ ಕಕ್ಷಾಸುತ್ತುಗಳಲ್ಲಿ ನೂರಾರು ಕಿಲೋಮೀಟರ್ ಗಾತ್ರದ ಕಾಯಗಳಾದವು. ಗ್ರಹಗಳ ಕಟ್ಟಡಕ್ಕೆ ಇಟ್ಟಿಗೆಗಳಾಗುವ ಈ ಕಾಯಗಳಿಗೆ ಪ್ಲಾನೆಟೆಸಿಮಲ್ ಎಂಬ ಹೆಸರಿದೆ. ಇದಕ್ಕೆ ಎರಡು ಷರತ್ತುಗಳಿವೆ: ಕಣಗಳು ಮೊದಲೇ ಮಿಲಿಮೀಟರಿನಷ್ಟಾದರೂ ಬೆಳೆದಿರಬೇಕು, ಮತ್ತು ತಟ್ಟೆಯ ನಡುಪದರದಲ್ಲಿ ದೂಳಿನ ಸಾಂದ್ರತೆ ಅನಿಲದ್ದಕ್ಕೆ ಹೆಚ್ಚುಕಡಿಮೆ ಸಮನಾಗಬೇಕು. ಕಣದ ಗಾತ್ರವನ್ನು ಕುರಿತ ಆ ಹತ್ತುಪಟ್ಟಿನ ಜಗಳ ಯಾಕೆ ಮುಖ್ಯವೆಂಬುದು ಇಲ್ಲಿ ಅರ್ಥವಾಗುತ್ತದೆ.

ಇದು ಬರೀ ಗಣನೆಯ ಮಾತಲ್ಲ. 2019ರ ಜನವರಿ 1ರಂದು ‘ನ್ಯೂ ಹೊರೈಜನ್ಸ್’ ನೌಕೆ ನೆಪ್ಚೂನಿನಾಚೆ ಹಾದುಹೋದ ಅರೊಕೋಥ್ ಎಂಬ, ಸುಮಾರು 36 ಕಿಲೋಮೀಟರ್ ಉದ್ದದ ಕಾಯ ಎರಡು ಚಪ್ಪಟೆ ಹಾಲೆಗಳು ಮೆಲ್ಲಗೆ ಒಂದಕ್ಕೊಂದು ತಾಗಿ ನಿಂತಂತಿದೆ. ಜೋರಾಗಿ ಢಿಕ್ಕಿಯಾಗಿದ್ದರೆ ಕೂಡುಜಾಗದಲ್ಲಿ ಬಿರುಕು, ಜಜ್ಜಿದ ಗುರುತುಗಳು ಇರಬೇಕಿತ್ತು. ಒಂದೇ ಹರಳುಮೋಡ ಸುತ್ತುತ್ತ ಕುಸಿದಾಗ ಅವಳಿ ಕಾಯಗಳು ಹೀಗೆಯೇ ಹುಟ್ಟುತ್ತವೆ ಎನ್ನುತ್ತವೆ ಗಣನೆಗಳು. ಒಮ್ಮೆ ನೂರಾರು ಕಿಲೋಮೀಟರಿನ ಕಾಯ ಸಿದ್ಧವಾಯಿತೆಂದರೆ ಮುಂದಿನ ದಾರಿ ಸಲೀಸು: ಅದರ ಗುರುತ್ವ ಹಾಗೂ ಅನಿಲದ ತಡೆ ಎರಡೂ ಸೇರಿ ಪಕ್ಕದಲ್ಲಿ ಹಾದುಹೋಗುವ ಹರಳುಗಳನ್ನು ಬಾಚಿಕೊಳ್ಳುತ್ತವೆ, ಹಿಂದೆ ಶಾಪವಾಗಿದ್ದ ಆ ಒಳಸರಿತವೇ ಈಗ ಊಟವನ್ನು ಬಾಗಿಲಿಗೆ ತಂದುಕೊಡುತ್ತದೆ.

ಇಷ್ಟೆಲ್ಲ ಯಾವಾಗ ನಡೆಯುತ್ತದೆ? ನನ್ನ ದೃಷ್ಟಿಯಲ್ಲಿ ಕಳೆದ ದಶಕದ ದೊಡ್ಡ ಬದಲಾವಣೆ ಇರುವುದು ಈ ಪ್ರಶ್ನೆಯ ಉತ್ತರದಲ್ಲಿ. ಎರಡು-ಮೂರು ಮಿಲಿಯನ್ ವರ್ಷ ವಯಸ್ಸಿನ ತಟ್ಟೆಗಳ ದೂಳನ್ನು ಆಲ್ಮಾದಿಂದ ತೂಗಿದಾಗ, ಆ ದೂಳೆಲ್ಲ ಸೇರಿದರೂ ಬಹುಪಾಲು ತಟ್ಟೆಗಳಲ್ಲಿ ನಾವು ಇತರ ನಕ್ಷತ್ರಗಳ ಸುತ್ತ ಕಂಡಿರುವ ಗ್ರಹಕುಟುಂಬಗಳನ್ನು ಕಟ್ಟಲು ಸಾಲದೆಂದು 2018ರಲ್ಲಿ ಕಾರ್ಲೊ ಮನಾರಾ ಮತ್ತು ಸಂಗಡಿಗರು ತೋರಿಸಿದರು. ಒಂದು ಅರ್ಥದಲ್ಲಿ ಇದು ಸಹಜವೇ: ಕಿಲೋಮೀಟರ್ ಗಾತ್ರದ ಕಾಯದಲ್ಲಿ ದ್ರವ್ಯರಾಶಿಗೆ ಹೋಲಿಸಿದರೆ ಮೇಲ್ಮೈ ತೀರಾ ಕಡಿಮೆ, ಅದು ಸೂಸುವ ಅಲೆಗಳೂ ಅಷ್ಟೇ ಕಡಿಮೆ, ಹಾಗಾಗಿ ಬೆಳೆದುಬಿಟ್ಟ ವಸ್ತು ನಮ್ಮ ತಕ್ಕಡಿಗೆ ಬೀಳುವುದಿಲ್ಲ. ಹಾಗಿದ್ದರೆ ಬೆಳವಣಿಗೆ ಇನ್ನೂ ಮೊದಲು, ನಕ್ಷತ್ರ ತನ್ನ ಮೋಡದ ಹೊದಿಕೆಯಿಂದ ಹೊರಬರುವ ಮುನ್ನವೇ ನಡೆದಿರಬೇಕು. 2020ರಲ್ಲಿ ಡೊಮಿನಿಕ್ ಸೆಗುರಾ-ಕಾಕ್ಸ್ ಮತ್ತು ಸಂಗಡಿಗರು ‘ಐಆರ್‌ಎಸ್ 63’ ಎಂಬ ಶಿಶುನಕ್ಷತ್ರದ ತಟ್ಟೆಯಲ್ಲಿ ಉಂಗುರಗಳನ್ನು ಗುರುತಿಸಿದರು. ಇದೂ ಜ್ಯೇಷ್ಠಾ ನಕ್ಷತ್ರದ ದಿಕ್ಕಿನಲ್ಲೇ ಇದೆ. ವಯಸ್ಸು ಐದು ಲಕ್ಷ ವರ್ಷಕ್ಕಿಂತ ಕಡಿಮೆ, ಮತ್ತು ಇದರ ಮೇಲೆ ಮೋಡದ ವಸ್ತು ಇನ್ನೂ ಸುರಿಯುತ್ತಿದೆ. ಆದರೆ 2023ರಿಂದ ಪ್ರಕಟವಾದ ‘ಇಡಿಸ್ಕ್’ ಸಮೀಕ್ಷೆ ಇಂಥ 19 ಶಿಶುನಕ್ಷತ್ರಗಳನ್ನು ನೋಡಿ, ಅವುಗಳಲ್ಲಿ ಉಂಗುರಗಳು ವಿರಳವೆಂದು ವರದಿ ಮಾಡಿತು. ಉಂಗುರ ಇಲ್ಲದಿರುವುದು ಬೇರೆ, ದಟ್ಟ ತಟ್ಟೆಯೊಳಗೆ ಅದು ಮರೆಯಾಗಿರುವುದು ಬೇರೆ. ಇವೆರಡನ್ನು ಬಿಡಿಸಿ ಹೇಳಲು ಮಿಲಿಮೀಟರ್ ಅಲೆಗಳು ಸಾಲವು.

ನಮ್ಮದೇ ಸೌರವ್ಯೂಹದಲ್ಲಿ ಈ ಕಾಲಗಣನೆಯನ್ನು ಕೈಯಲ್ಲಿ ಹಿಡಿದು ನೋಡಬಹುದು. ಉಲ್ಕಾಶಿಲೆಗಳಲ್ಲಿ ಸಿಗುವ, ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ ಹೇರಳವಾಗಿರುವ ಬಿಳಿಯ ಹರಳುಗಳು 456.7 ಕೋಟಿ ವರ್ಷ ಹಳೆಯವು. ಅವುಗಳ ಹುಟ್ಟನ್ನೇ ಸೌರವ್ಯೂಹದ ಶೂನ್ಯಕಾಲವೆಂದು ಹಿಡಿಯಲಾಗುತ್ತದೆ. ಕಬ್ಬಿಣದ ಉಲ್ಕಾಶಿಲೆಗಳು ಒಂದು ಕಾಲದಲ್ಲಿ ಕರಗಿ, ಕಬ್ಬಿಣ ತಳಕ್ಕಿಳಿದು ತಿರುಳಾಗಿದ್ದ ಕಾಯಗಳ ಚೂರುಗಳು. ಅವುಗಳಲ್ಲಿನ ಟಂಗ್‌ಸ್ಟನ್ ಐಸೊಟೋಪುಗಳನ್ನು (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳು) ಅಳೆದರೆ, ಆ ಕಾಯಗಳು ಶೂನ್ಯಕಾಲದಿಂದ ಹತ್ತು ಲಕ್ಷ ವರ್ಷದೊಳಗೇ, ಬಹುಶಃ ಕೆಲವೇ ಲಕ್ಷ ವರ್ಷಗಳಲ್ಲಿ ರೂಪುಗೊಂಡಿದ್ದವೆಂದು ತಿಳಿಯುತ್ತದೆ. ಅಷ್ಟು ಚಿಕ್ಕ ಕಾಯಗಳು ಕರಗಲು ಶಾಖ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಅಹಮದಾಬಾದಿನ ಭೌತಿಕ ಸಂಶೋಧನಾಲಯದವರೂ ಇದ್ದಾರೆ. 1996ರಲ್ಲಿ ರಾಜಸ್ಥಾನದ ಪಿಪ್ಲಿಯಾ ಕಲಾನ್‌ನಲ್ಲಿ ಬಿದ್ದ, ಕರಗಿ ಗಟ್ಟಿಯಾದ ಕಾಯವೊಂದರ ಚೂರಾದ ಉಲ್ಕಾಶಿಲೆಯಲ್ಲಿ ವಿಕಿರಣಶೀಲ ಅಲ್ಯೂಮಿನಿಯಂ-26ರ ಕುರುಹನ್ನು ಜಿ. ಶ್ರೀನಿವಾಸನ್, ಜೆ. ಎನ್. ಗೋಸ್ವಾಮಿ ಮತ್ತು ಎನ್. ಭಂಡಾರಿ 1999ರಲ್ಲಿ ವರದಿ ಮಾಡಿದರು. ಈ ಐಸೊಟೋಪಿನ ಅರ್ಧಾಯುಷ್ಯ ಸುಮಾರು ಏಳು ಲಕ್ಷ ವರ್ಷ ಮಾತ್ರ. ಅದರ ಶಾಖದಿಂದ ಕರಗಬೇಕಾದ ಕಾಯ ಅದು ಆರಿಹೋಗುವ ಮುನ್ನವೇ, ಅಂದರೆ ತೀರಾ ಬೇಗನೆ, ಒಟ್ಟುಗೂಡಿರಲೇಬೇಕು.

ಉಲ್ಕಾಶಿಲೆಗಳು ಇನ್ನೂ ಒಂದು ಸಂಗತಿ ಹೇಳುತ್ತವೆ. ಅವುಗಳ ಐಸೊಟೋಪುಗಳನ್ನು ನೋಡಿದರೆ ಎರಡು ಕುಲಗಳು ಸ್ಪಷ್ಟವಾಗಿ ಬೇರ್ಪಡುತ್ತವೆ, ಮತ್ತು ಶೂನ್ಯಕಾಲದಿಂದ ಸುಮಾರು ಹತ್ತು ಲಕ್ಷ ವರ್ಷದೊಳಗೇ ಅವುಗಳ ನಡುವೆ ದೂಳಿನ ಕೊಡುಕೊಳೆ ನಿಂತುಹೋಗಿತ್ತು. ಆ ಹೊತ್ತಿಗೆ ಭೂಮಿಯ ಇಪ್ಪತ್ತು ಪಟ್ಟು ಬೆಳೆದಿದ್ದ ಗುರುಗ್ರಹದ ತಿರುಳೇ ನಡುವಿನ ಗೋಡೆಯಾಯಿತೆಂದು 2017ರಲ್ಲಿ ಥಾಮಸ್ ಕ್ರೌಯರ್ ಮತ್ತು ಸಂಗಡಿಗರು ವಾದಿಸಿದರು. ಗ್ರಹವೇ ಬೇಕಾಗಿಲ್ಲ, ಒತ್ತಡದ ದಿಬ್ಬವೊಂದಿದ್ದರೂ ಸಾಕು ಎಂಬ ಪ್ರತಿವಾದ ಆಮೇಲೆ ಬಂತು. ಎರಡರಲ್ಲಿ ಯಾವುದು ನಿಜವಾದರೂ, ಹತ್ತು ಲಕ್ಷ ವರ್ಷದ ಸೂರ್ಯನನ್ನು ದೂರದಿಂದ ನೋಡಿದವರಿಗೆ ಅದು ಎಚ್‌ಎಲ್ ಟೌ ತಟ್ಟೆಯಂತೆಯೇ ಕಂಡಿದ್ದೀತು.

ಶೂನ್ಯಕಾಲದಂಥದೇ ಒಂದು ಗಳಿಗೆ ಬೇರೆ ನಕ್ಷತ್ರದ ಬಳಿಯಲ್ಲಿ ಕಂಡದ್ದು 2025ರ ಜುಲೈನಲ್ಲಿ ವರದಿಯಾಯಿತು. ಮಹಾವ್ಯಾಧ ನಕ್ಷತ್ರಪುಂಜದಲ್ಲಿ, ಸುಮಾರು 1,300 ಜ್ಯೋತಿರ್ವರ್ಷ ದೂರದ ‘ಹಾಪ್ಸ್-315’ ಎಂಬ ಶಿಶುನಕ್ಷತ್ರದ ಸಮೀಪ ಸಿಲಿಕಾನ್ ಮಾನಾಕ್ಸೈಡ್ ಅನಿಲವೂ ಅದರಿಂದ ಗಟ್ಟಿಗೊಳ್ಳುತ್ತಿರುವ ಖನಿಜದ ಹರಳುಗಳೂ ಒಟ್ಟಿಗೇ ಇರುವುದನ್ನು ಮೆಲಿಸ್ಸಾ ಮೆಕ್‌ಕ್ಲೂರ್ ತಂಡ ಜೇಮ್ಸ್ ವೆಬ್ ದೂರದರ್ಶಕ ಮತ್ತು ಆಲ್ಮಾದ ನೆರವಿನಿಂದ ಪತ್ತೆಹಚ್ಚಿತು.

ಉಂಗುರ ಮೊದಲೋ ಗ್ರಹ ಮೊದಲೋ ಎಂಬ ಪ್ರಶ್ನೆ ಮಾತ್ರ ಉಳಿದಿದೆ. ‘ಪಿಡಿಎಸ್ 70’ ಎಂಬ, ಸುಮಾರು 50 ಲಕ್ಷ ವರ್ಷ ವಯಸ್ಸಿನ ನಕ್ಷತ್ರದ ತಟ್ಟೆಯ ಅಂತರದಲ್ಲಿ 2018ರಲ್ಲಿ ಒಂದು ಗ್ರಹ, 2019ರಲ್ಲಿ ಇನ್ನೊಂದು ನೇರವಾಗಿ ಕಂಡಿವೆ. ಅಲ್ಲಿ ಅಂತರವನ್ನು ಕೊರೆದವರು ಯಾರೆಂಬುದರಲ್ಲಿ ಅನುಮಾನವಿಲ್ಲ. ಎಚ್‌ಎಲ್ ಟೌ, ಐಆರ್‌ಎಸ್ 63ರಂಥ ಎಳೆಯ ತಟ್ಟೆಗಳಲ್ಲಿ ಅಂಥ ಗ್ರಹ ಇನ್ನೂ ಕಂಡಿಲ್ಲ. ಅಲ್ಲಿ ಉಂಗುರವೇ ಮೊದಲು ಹುಟ್ಟಿ, ಅದರಲ್ಲಿ ಶೇಖರವಾದ ಹರಳುಗಳಿಂದ ಗ್ರಹ ಈಗಷ್ಟೇ ಮೊಳೆಯುತ್ತಿರಬಹುದು. ಇದನ್ನು ತೀರ್ಮಾನಿಸಲು ದಟ್ಟ ದೂಳನ್ನೂ ತೂರಿ ಬರುವ ಸೆಂಟಿಮೀಟರ್ ಅಲೆಗಳಲ್ಲಿ ಆ ಉಂಗುರಗಳನ್ನು ಬಿಡಿಸಿ ನೋಡಬೇಕು. ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಕಟ್ಟಲಾಗುತ್ತಿರುವ, ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ ಮೂಲಕ ಭಾರತವೂ ಪಾಲುದಾರನಾಗಿರುವ ಎಸ್‌ಕೆಎ ರೇಡಿಯೊ ದೂರದರ್ಶಕದ ಆಫ್ರಿಕಾ ಭಾಗ ಎರಡು ಸೆಂಟಿಮೀಟರ್ ಅಲೆಯುದ್ದದವರೆಗೂ ಕೆಲಸ ಮಾಡುವಂತೆ ಯೋಜಿತವಾಗಿದೆ; ಅದರ ವಿಜ್ಞಾನ ಕಾರ್ಯಸೂಚಿಯಲ್ಲಿ ಎಳೆಯ ನಕ್ಷತ್ರಗಳ ಸುತ್ತ ಸೆಂಟಿಮೀಟರ್ ಗಾತ್ರದ ಹರಳುಗಳನ್ನು ಹುಡುಕುವ ಕೆಲಸವೂ ಸೇರಿದೆ.